ಎತ್ತಿದ ಕೈಯ ಅಳತೆ

ಲಿಂಝ್
7 ಅಕ್ಟೋಬರ್ 1973

ಬುರ್ಗಿ,

ಒಂದು ವರ್ಷದಿಂದ ಸುದ್ದಿಯೇ ಇಲ್ಲದವನು ಈಗ ಯಾಕೆ ಬರೆದ ಎಂದು ಹುಬ್ಬು ಗಂಟಿಕ್ಕಬೇಡ. ನಿಮ್ಮ ಕಣಿವೆಯ ಹಾಲಿನ ಲಾರಿಯವನು ಇಲ್ಲಿಗೆ ಬಂದಿದ್ದ. ಅಫ್ರಾ ಈ ಸಲ ಜನವರಿ ಆರರ ಮೂರು ರಾಜರ ಹಬ್ಬದ ಸ್ಕೀ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾಳೆ ಎಂದ. ಒಂಬತ್ತನೇ ವರ್ಷಕ್ಕೆ! ನಾನು ಕೂಗಿದ ಕೂಗಿಗೆ ನಮ್ಮ ಸ್ಕೀ ಕಾರ್ಖಾನೆಯ ಮೇಸ್ತ್ರಿ ಅಂಟಿನ ಡಬ್ಬಿ ಕಾಲ ಮೇಲೆ ಬೀಳಿಸಿಕೊಂಡ.

ಮಗುವಿನ ಮೊದಲ ಪಂದ್ಯಕ್ಕೆ ಸ್ಕೀಯನ್ನು ಗೋಟೆ, ಅಂದರೆ ನಿಮ್ಮ ಬಯಲುಸೀಮೆಯವರು ಧರ್ಮತಂದೆ ಅನ್ನುವವನು, ಕೊಡಬೇಕು. ಅವಳ ದೀಕ್ಷಾಸ್ನಾನದ ದಿನ ಪಾದ್ರಿಯ ಎದುರು ಅವಳನ್ನು ಎತ್ತಿಕೊಂಡು ನಿಂತ ಗೋಟೆ ನಾನು. ನನ್ನ ಹೊಸ ಕೋಟಿನ ಮೇಲೆ ಅವಳು ಆ ದಿನ ಮಾಡಿದ್ದನ್ನು ತೊಳೆದವನೂ ನಾನೇ. ಹಾಗಾಗಿ ನೀನು ಅಂಗಡಿ ಅಂಗಡಿ ಅಲೆಯಬೇಡ.

ಅಳತೆ ಮಾತ್ರ ಕಳಿಸು. ನಮ್ಮಪ್ಪ ನನಗೂ ನಿನ್ನ ಗಂಡ ಬಾಲ್ತಸರ್‌ಗೂ ತೆಗೆದ ಹಾಗೆಯೇ ತೆಗೆ. ಬರಿಗಾಲಲ್ಲಿ ಬಾಗಿಲ ಕಂಬಕ್ಕೆ ಒರಗಿಸಿ ನಿಲ್ಲಿಸು, ಬಲಗೈ ನೆಟ್ಟಗೆ ಮೇಲೆತ್ತಲಿ, ನೆಲದಿಂದ ಅಂಗೈವರೆಗೆ ದಾರ ಹಿಡಿದು ಗಂಟು ಹಾಕು. ನಮ್ಮ ಮನೆತನದಲ್ಲಿ ಅಂಗೈಗಿಂತ ಗಿಡ್ಡ ಸ್ಕೀ ಯಾರೂ ಕಟ್ಟಿಲ್ಲ. ನಾಲ್ಕು ವರ್ಷದ ಹಿಂದೆ, ಹೊಳೆಯಾಚೆ ಲೆಂಗಾವ್ ಚರ್ಚಿನಲ್ಲಿ ಬಾಲ್ತಸರ್‌ನ ಮಣ್ಣಿನ ದಿನ, ಅವಳನ್ನು ಕೊನೆಯ ಸಲ ನೋಡಿದ್ದು. ಆಗ ನನ್ನ ಸೊಂಟಕ್ಕೆ ಬರುತ್ತಿದ್ದಳು. ಈಗ ಎಷ್ಟು ಉದ್ದವಾಗಿರಬೇಕು!

ನಾನಂತೂ ಬರುವುದಿಲ್ಲ, ನಿನಗೆ ಗೊತ್ತು. ಆ ಲಿಯೋನ್‌ಹಾರ್ಟ್ ಸ್ಕೀ ಸಂಘದ ಯಜಮಾನನಾಗಿರುವ ತನಕ ಹಿಂಟರ್‌ಬಾಖ್‌ನ ನೆಲ ತುಳಿಯುವುದಿಲ್ಲ ಎಂದು ಆಣೆ ಹಾಕಿದವನು ನಾನು.

ಕಾಸ್ಸಿಯಾನ್


ಹಿಂಟರ್‌ಬಾಖ್
18 ಅಕ್ಟೋಬರ್ 1973

ಕಾಸ್ಸಿಯಾನ್ ಭಾವ,

ಪತ್ರ ಬಂತು. ಅಫ್ರಾ ಅದನ್ನು ಕಸಿದುಕೊಂಡು ಹಸುಗಳಿಗೂ ಓದಿ ಹೇಳಿದಳು.

ದಾರ ಇದರೊಳಗಿದೆ. ಗಂಟು ಬಿಗಿಯಾಗಿದೆ. ನಿಮ್ಮ ತಮ್ಮನ ಮಗಳು ಚೆನ್ನಾಗಿ ಬೆಳೆದಿದ್ದಾಳೆ, ಇನ್ನೇನು ಬರೆಯಲಿ.

ಪಂದ್ಯದ ವಿಷಯ ನಿಮಗೆ ಗೊತ್ತಿರಲಿ. ಲಿಯೋನ್‌ಹಾರ್ಟ್ ಈ ವರ್ಷ ಹೊಸ ನಿಯಮ ತಂದಿದ್ದಾರೆ. ಮೂರು ರಾಜರ ಹಬ್ಬದ ದಿನ ದಾರಿಯುದ್ದಕ್ಕೂ ನೆಟ್ಟ ಜೋಡಿ ಕೋಲಿನ ಬಾಗಿಲುಗಳಲ್ಲಿ ಒಂದನ್ನೂ ಬಿಡದೆ ಕೆಳಗಿಳಿದ ಮಕ್ಕಳಿಗೆ ಸಂಘದ ಬುಧವಾರದ ತರಬೇತಿ. ಎಷ್ಟನೆಯವರಾಗಿ ಬಂದರೂ ಸರಿ, ಬಾಗಿಲು ಬಿಟ್ಟರೆ ಮಾತ್ರ ಮುಂದಿನ ವರ್ಷಕ್ಕೆ ಕಾಯಬೇಕು. ಅಫ್ರಾ ಕಾಯುವ ಜಾತಿಯಲ್ಲ. ಹುಲ್ಲು ಕೊಯ್ದ ಇಳಿಜಾರಿನಲ್ಲಿ ಬೀನ್ಸ್ ಕೋಲು ಎರಡೆರಡು ನೆಟ್ಟು ಬಾಗಿಲು ಮಾಡಿಕೊಂಡು, ಹಿಮ ಬೀಳುವ ಮೊದಲೇ ಬರಿಗಾಲಲ್ಲಿ ಓಡಿ ಅಭ್ಯಾಸ ಮಾಡುತ್ತಿದ್ದಾಳೆ. ನನ್ನ ಬೀನ್ಸ್ ಬಳ್ಳಿ ನೆಲದಲ್ಲಿ ಹರಿದಾಡುತ್ತಿದೆ.

ಮೊನ್ನೆ ಹಾಲಿನ ಡಿಪೋದಲ್ಲಿ ಲಿಯೋನ್‌ಹಾರ್ಟ್ ಎಲ್ಲರ ಎದುರು ಕೇಳಿದರು: “ಏನಮ್ಮಾ ಬುರ್ಗಿ, ನಿಮ್ಮ ಜೊಂಡಿನ ಕೆರೆ ಕಡೆ ಹಿಮ ಅಂದ್ರೆ ಏನೂಂತ ಗೊತ್ತಾ?” ನಾನೂ ಬಿಡಲಿಲ್ಲ. “ಗೊತ್ತು ಸ್ವಾಮಿ, ನಮ್ಮ ಕಡೆ ಅದು ಬೀಳುತ್ತೆ, ಕರಗುತ್ತೆ. ಇಲ್ಲಿನ ಹಾಗೆ ಹೆಗಲ ಮೇಲೆ ಕೂತು ಹೆಂಗಸರನ್ನ ಹಂಗಿಸಲ್ಲ” ಎಂದೆ. ಈ ಊರಿಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ, ಇನ್ನೂ ನಾನು ಬಯಲುಸೀಮೆಯವಳೇ.

ಬುರ್ಗಿ


ಲಿಂಝ್
12 ನವೆಂಬರ್ 1973

ಬುರ್ಗಿ,

ದಾರ ಬಿಚ್ಚಿ ಗೋಡೆಗೆ ಹಿಡಿದೆ. ಎರಡು ಸಲ ಹಿಡಿದೆ. ಆಮೇಲೆ ಕುಣಿದೆ. ಒಂಬತ್ತು ವರ್ಷದ ಹುಡುಗಿಗೆ ಈ ಅಳತೆ! ಬಾಲ್ತಸರ್ ಆ ವಯಸ್ಸಿನಲ್ಲಿ ಇಷ್ಟಿರಲಿಲ್ಲ, ನಾನೂ ಇರಲಿಲ್ಲ. ಕಣ್ಣು ಮುಚ್ಚಿದರೆ ಕಾಣುತ್ತಾಳೆ, ನೀಳ ಕಾಲು, ಅಗಲ ಹೆಗಲು, ಅಪ್ಪಟ ನಮ್ಮ ಮನೆತನದ ಮೈಕಟ್ಟು.

ಸ್ಕೀ ರೈಲಿಗೆ ಹಾಕಿದ್ದೇನೆ. ದೊಡ್ಡವರು ಕಟ್ಟುವಂಥದ್ದೇ, ಗಟ್ಟಿ ಮರದ ಒಡಲು, ಸುಲಭಕ್ಕೆ ಬಗ್ಗುವುದಿಲ್ಲ. ಉದ್ದದ ಸ್ಕೀ ನೆಟ್ಟಗೆ ಓಡುತ್ತದೆ, ನಡುಗುವುದಿಲ್ಲ. ಅದನ್ನು ತಿರುಗಿಸಲು ಮೈಭಾರ ಬೇಕು, ಅವಳಿಗೆ ಇರುವುದರಲ್ಲಿ ಸಂಶಯವಿಲ್ಲ. ಸ್ವಲ್ಪ ಹೆಚ್ಚೇ ಆಯಿತು ಅನ್ನಿಸಿದರೂ ಇರಲಿ, ಬೆಳೆಯುವ ಮಗು, ಅಂಗಿ ಹೊಲಿಸುವಾಗ ನಾವು ಒಂದು ಗೇಣು ಹೆಚ್ಚೇ ಬಿಡುತ್ತೇವಲ್ಲ.

ಲಿಯೋನ್‌ಹಾರ್ಟ್‌ಗೂ ಒಂದು ಕಾರ್ಡ್ ಹಾಕಿದ್ದೇನೆ. “ನನ್ನ ತಮ್ಮನ ಮಗಳು ಬರ್ತಿದ್ದಾಳೆ. ಈ ಸಲವಾದರೂ ಕಣ್ಣು ತೊಳ್ಕೊಂಡು ಬಾಗಿಲು ನೋಡು” ಎಂದು. ಎಂಟು ವರ್ಷದ ಹಿಂದೆ ಒಂಟಿ ಮರದ ಕೆಳಗಿನ ಬಾಗಿಲು ಬಿಟ್ಟ ಎಂದು ಸುಳ್ಳು ಹೇಳಿ ಬಾಲ್ತಸರ್‌ನ ಗೆಲುವನ್ನು ಕಿತ್ತುಕೊಂಡ ಮನುಷ್ಯ ಅವನು. ನನ್ನ ತಮ್ಮ ಬಾಗಿಲು ಬಿಡುವವನಲ್ಲ. ಅಫ್ರಾ ಗೆಲ್ಲಲಿ, ಅವನ ಮುಖ ಹೇಗಾಗುತ್ತದೆ ಎಂದು ನನಗೆ ಬರೆ. ಎಂಟು ವರ್ಷ ಕಾದಿದ್ದೇನೆ.

ಕಾಸ್ಸಿಯಾನ್


ಹಿಂಟರ್‌ಬಾಖ್
25 ನವೆಂಬರ್ 1973

ಕಾಸ್ಸಿಯಾನ್ ಭಾವ,

ಸ್ಕೀ ಬಂತು. ರೈಲು ನಿಲ್ದಾಣದಿಂದ ಮನೆಗೆ ತರಲು ಇಬ್ಬರು ಬೇಕಾದರು. ಅಡುಗೆಮನೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ತೊಲೆಯಲ್ಲಿ ತೂಗುಹಾಕಿದ ಹಂದಿಮಾಂಸಕ್ಕೆ ತಗಲುತ್ತದೆ. ಇದು ಮಗುವಿಗೆ ಆರಿಸಿದ್ದೋ, ಸೇತುವೆಗೆ ಆರಿಸಿದ್ದೋ? ಕೇಳಿದ್ದು ಅಂಗೈ ಅಳತೆ, ಕಳಿಸಿದ್ದು ಆಕಾಶದ ಅಳತೆ. ಕಾರ್ಖಾನೆಯಲ್ಲಿ ಅಷ್ಟು ವರ್ಷದಿಂದ ಇದ್ದೀರಿ, ಮಗುವಿನ ಸ್ಕೀಗೂ ಗಂಡಸಿನ ಸ್ಕೀಗೂ ವ್ಯತ್ಯಾಸ ಗೊತ್ತಾಗಲಿಲ್ಲವೇ?

ಮೊದಲ ಹಿಮ ಬಿದ್ದಿದೆ. ಕೊಟ್ಟಿಗೆಯ ಹಿಂದಿನ ಇಳಿಜಾರಿನಲ್ಲಿ ಕಟ್ಟಿ ನೋಡಿದಳು. ಸ್ಕೀ ಇವಳನ್ನು ಕರೆದುಕೊಂಡು ಹೋಯಿತು, ಇವಳು ಸ್ಕೀಯನ್ನಲ್ಲ. ಎಡಕ್ಕೆ ತಿರುಗಿಸಿದರೂ ನೆಟ್ಟಗೆ, ಬಲಕ್ಕೆ ತಿರುಗಿಸಿದರೂ ನೆಟ್ಟಗೆ, ಕೊನೆಗೆ ಗೊಬ್ಬರದ ಗುಂಡಿಗೆ ನೆಟ್ಟಗೆ. ಎತ್ತಿ ತಂದು ಬಿಸಿನೀರಿನಲ್ಲಿ ತೊಳೆದೆ. ಅವಳು ಅಳಲಿಲ್ಲ, ಆದರೆ ಇನ್ನೊಮ್ಮೆ ಕಟ್ಟುತ್ತೇನೆ ಎಂದೂ ಹೇಳಲಿಲ್ಲ. ಅದೇ ನನಗೆ ಭಯವಾದದ್ದು.

ಇದರಲ್ಲಿ ಒಂದು ಬಾಗಿಲೂ ದಾಟಲಾರಳು. ಏನು ಮಾಡಬೇಕು ಹೇಳಿ. ನಿಮ್ಮ ಹಟಕ್ಕೆ ಈ ಮಗುವಿನ ವರ್ಷ ಹೋಗುವುದು ಬೇಡ.

ಬುರ್ಗಿ

ದೊಡ್ಡಪ್ಪ, ನಾನು ಅಫ್ರಾ. ಅಮ್ಮ ಕಾಗದ ಪೋಸ್ಟ್ ಮಾಡಲು ನನ್ನ ಕೈಲಿ ಕೊಟ್ಟಳು, ಲಕೋಟೆ ಇನ್ನೂ ಅಂಟಿಸಿಲ್ಲ. ಅಮ್ಮ ನನ್ನನ್ನು ಹಾಲು ಕರೆಯುವ ಮುಕ್ಕಾಲಿಯ ಮೇಲೆ ನಿಲ್ಲಿಸಿ ಅಳತೆ ತೆಗೆದಳು. ಯಾರಿಗೂ ಹೇಳಬೇಡ ಎಂದಳು. ನಾನು ಹೇಳಿಲ್ಲ, ಬರೆದಿದ್ದೇನೆ.


ಲಿಂಝ್
1 ಡಿಸೆಂಬರ್ 1973

ಬುರ್ಗಿ,

ಮುಕ್ಕಾಲಿ! ಮುಕ್ಕಾಲಿಯ ಮೇಲೆ!

ನನ್ನನ್ನು ಬೈದು ಎರಡು ಪುಟ ಬರೆದೆಯಲ್ಲ, ಬರೆಯುವಾಗ ಆ ಮುಕ್ಕಾಲಿ ನೆನಪಾಗಲಿಲ್ಲವೇ? ಕೊನೆಯಲ್ಲಿ ನಿನ್ನ ಮಗಳು ಏನು ಸೇರಿಸಿದ್ದಾಳೆ ಎಂದು ಅವಳನ್ನೇ ಕೇಳು. ಆ ದಾರ ನಂಬಿ ನಾನು ಕಾರ್ಖಾನೆಯಲ್ಲಿ ಇದ್ದಬದ್ದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಎಲ್ಲರೂ ಕೇಳುತ್ತಾರೆ, “ಏನಪ್ಪಾ, ನಿಮ್ಮ ಉದ್ದದ ಹುಡುಗಿ ಹೇಗಿದ್ದಾಳೆ?” ಈಗ ಏನು ಹೇಳಲಿ? ಹಸುವಿನ ಮುಕ್ಕಾಲಿಯ ಎತ್ತರವೂ ಸೇರಿತ್ತು ಎನ್ನಲೇ?

ಅವಳ ನಿಜವಾದ ಎತ್ತರ ಎಷ್ಟು ಎಂದು ನಾನಿನ್ನು ಕೇಳುವುದಿಲ್ಲ. ನೀನು ಹೇಳಿದರೂ ನಂಬುವುದಿಲ್ಲ. ಮುಚ್ಚಿಡುವಷ್ಟು ಪುಟ್ಟವಳಾದರೆ ಪಂದ್ಯ ಈ ವರ್ಷ ಬೇಡವೇ ಬೇಡ. ಬೆಳೆಯುವ ತನಕ ಕಾಯಲಿ.

ಕಾಸ್ಸಿಯಾನ್


ಹಿಂಟರ್‌ಬಾಖ್
8 ಡಿಸೆಂಬರ್ 1973

ಕಾಸ್ಸಿಯಾನ್ ಭಾವ,

ಹೌದು, ಮುಕ್ಕಾಲಿಯ ಮೇಲೆ ನಿಲ್ಲಿಸಿದೆ. ಸುಳ್ಳು ಹೇಳಿದೆ. ನಿಮ್ಮ ಮೇಲೆ ತಪ್ಪು ಹೊರಿಸಿದೆ. ಅಫ್ರಾಳ ಕಿವಿ ಹಿಂಡಲು ಹೋದೆ, ಅವಳು ಕೊಟ್ಟಿಗೆಯ ಅಟ್ಟ ಹತ್ತಿ ಕೂತು “ಸುಳ್ಳು ಹೇಳಿದ್ದು ನೀನು, ಕಿವಿ ನನ್ನದಾ?” ಎಂದಳು.

ಈಗ ಯಾಕೆ ಹೇಳಿದೆ ಎಂಬುದನ್ನೂ ಕೇಳಿಸಿಕೊಳ್ಳಿ. ನಿಮ್ಮ ತಮ್ಮನ ಮಗಳು ಪುಟ್ಟವಳು. ಅವಳ ತರಗತಿಯ ಮಕ್ಕಳಲ್ಲೆಲ್ಲ ಪುಟ್ಟವಳು, ಕೆಳಗಿನ ತರಗತಿಯವರ ಹೆಗಲಿಗೆ ಬರುತ್ತಾಳೆ. ಹಾಲಿನ ಡಿಪೋದಲ್ಲಿ ಲಿಯೋನ್‌ಹಾರ್ಟ್ ನನಗೆ ಕೆರೆಯ ಮಾತು ಆಡಿದ್ದು ಬರೆದೆನಲ್ಲ, ಅದಕ್ಕೆ ಮೊದಲು ಆಡಿದ್ದು ಬರೆದಿರಲಿಲ್ಲ. “ಬಯಲುಸೀಮೆ ಬೀಜ ಬೆಟ್ಟದಲ್ಲಿ ಬಿತ್ತಿದರೆ ಇಷ್ಟೇ ಏಳೋದು. ಬೆಳೀಲಿ, ಆಮೇಲೆ ನೋಡೋಣ” ಎಂದರು. ಎಲ್ಲರೂ ನಕ್ಕರು. ಅದೇ ವಾರ ನಿಮ್ಮ ಪತ್ರ ಬಂತು, ಎಷ್ಟು ಉದ್ದವಾಗಿರಬೇಕು ಎಂದು. ನಿಮ್ಮ ಮನೆತನದವರ ಬಾಯಿಂದಲೂ ಬೀಜದ ಮಾತು ಕೇಳಲು ನನಗೆ ಮನಸ್ಸಿರಲಿಲ್ಲ. ಮುಕ್ಕಾಲಿ ಪಕ್ಕದಲ್ಲೇ ಇತ್ತು.

ಮತ್ತೆ ನೀವು ಏನು ಬರೆದಿರಿ? ಬೆಳೆಯುವ ತನಕ ಕಾಯಲಿ! ಲಿಯೋನ್‌ಹಾರ್ಟ್ ಮುಖ ನೋಡುವುದಿಲ್ಲ ಎಂದು ಆಣೆ ಹಾಕಿದವರು ಲಿಯೋನ್‌ಹಾರ್ಟ್ ಮಾತನ್ನೇ ಆಡಿದಿರಿ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಕಾಯುವುದಿಲ್ಲ. ಈಗ ಎಷ್ಟಿದ್ದಾಳೋ ಅಷ್ಟರಲ್ಲೇ ಇಳಿಯುತ್ತಾಳೆ.

ಸ್ಕೀ ವಾಪಸ್ಸು ಕಳಿಸುತ್ತಿದ್ದೇನೆ. ಗೋಟೆ ಕೊಟ್ಟದ್ದನ್ನು ಹಿಂದಿರುಗಿಸಿದರೆ ಸಂಬಂಧ ಕಡಿದ ಹಾಗೆ ಎಂದು ಈ ಊರಿನವರು ಹೇಳುತ್ತಾರೆ, ನನಗೂ ಗೊತ್ತು. ಕಡಿದ ಹಾಗಾದರೆ ಆಗಲಿ. ಆ ಸ್ಕೀಯನ್ನು ನೀವು ಆರಿಸಿದ್ದು ಅವಳ ಕಾಲಿಗಲ್ಲ, ನಿಮ್ಮ ಜಗಳಕ್ಕೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಇಬ್ಬರು ಗಂಡಸರ ಜಗಳದಲ್ಲಿ ನನ್ನ ಕೂಸು ಗೊಬ್ಬರದ ಗುಂಡಿಗೆ ಬಿತ್ತು.

ಇನ್ನೊಂದು ಮಾತು. ಎಂಟು ವರ್ಷ ಹೇಳದೆ ಇಟ್ಟುಕೊಂಡಿದ್ದೆ. ಬಾಲ್ತಸರ್ ಆ ಬಾಗಿಲನ್ನು ಬಿಟ್ಟಿದ್ದ. ಅದೇ ದಿನ ಊಟಕ್ಕೆ ಕೂತಾಗ ನನಗೆ ನಗುತ್ತಾ ಹೇಳಿದ, “ಒಂಟಿ ಮರದ ಹತ್ರ ಬಾಗಿಲು ಎಲ್ಲಿತ್ತೋ ನಾನೆಲ್ಲಿದ್ದೆನೋ! ಲಿಯೋನ್‌ಹಾರ್ಟ್ ಕಣ್ಣು ಹದ್ದಿನ ಕಣ್ಣು ಕಣೇ.” ಮೂರು ಕ್ನೋಡೆಲ್ ಕಡುಬು ತಿಂದು ಮಲಗಿದ. ಅಷ್ಟರಲ್ಲಿ ನೀವು ಚೌಕದಲ್ಲಿ ನಿಂತು ಆಣೆ ಹಾಕಿಯಾಗಿತ್ತು. ಅಣ್ಣನಿಗೆ ಅವಮಾನವಾಗುತ್ತದೆ, ಹೇಳಬೇಡ ಎಂದ. ಅವನು ಹೋದ ಮೇಲೂ ಹೇಳಲಿಲ್ಲ. ಈಗ ಹೇಳಿದ್ದೇನೆ.

ಬುರ್ಗಿ


ಲಿಂಝ್
22 ಡಿಸೆಂಬರ್ 1973

ಶ್ರೀಮತಿ ವಾಲ್ಬುರ್ಗಾ ಅವರಿಗೆ,

ತಾವು ಕಳಿಸಿದ ಸ್ಕೀ ತಲುಪಿದೆ. ನನ್ನ ಮಂಚದ ಕೆಳಗಿದೆ. ಮಂಚಕ್ಕಿಂತ ಉದ್ದವಿರುವುದರಿಂದ ಪ್ರತಿ ಬೆಳಿಗ್ಗೆ ಎಡವುತ್ತೇನೆ.

ಬಾಗಿಲಿನ ಬಗ್ಗೆ ನಾನು ಮಾತಾಡುವುದಿಲ್ಲ. ಬಿಟ್ಟಿದ್ದರೆ ಬಿಟ್ಟಿರಲಿ. ನಾನು ಆಣೆ ಹಾಕಿದ್ದು ಹಾಕಿದ್ದೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನೀವು ನಗಬಹುದು, ನಗಿ.

ಈ ಕೆಳಗಿನದು ತಮಗಲ್ಲ, ಅಫ್ರಾಳಿಗೆ. ಓದಿ ಹೇಳಿ.

ಮಗೂ, ಕ್ರಿಸ್‌ಮಸ್ ಆದ ಮೇಲೆ ಹೊಳೆಯಾಚೆ ಲೆಂಗಾವ್ ಚರ್ಚಿನ ಹಾಲ್‌ನಲ್ಲಿ ಹಳೆಯ ಸ್ಕೀಗಳ ಸಂತೆ ಸೇರುತ್ತದಲ್ಲ, ಅಲ್ಲಿಗೆ ಹೋಗು. ಹೊಳಪು ನೋಡಬೇಡ. ಬೇರೆಯವರು ಏನನ್ನು ಎತ್ತಿಕೊಂಡರು ಎಂದು ನೋಡಬೇಡ. ಬೂಟು ಹಾಕಿಕೊಂಡೇ ಹೋಗು. ಸ್ಕೀಯ ತುದಿ ನಿನ್ನ ಹಣೆಗಿಂತ ಮೇಲೆ ಬರಬಾರದು. ಅಂಗೈ ಗಿಂಗೈ ಎಲ್ಲ ಮರೆತುಬಿಡು, ಅದು ನಿನ್ನ ತಾತನ ಕಾಲದ ಲೆಕ್ಕ. ಎರಡನ್ನೂ ತಳಕ್ಕೆ ತಳ ಸೇರಿಸಿ ಹಿಡಿ. ನಡುವೆ ಬೆಳಕು ಕಾಣುತ್ತದೆ. ನಡುವಲ್ಲಿ ಒಂದೇ ಕೈಯಿಂದ ಒತ್ತು. ನಿನ್ನ ಕೈಯಿಂದ, ಅಮ್ಮನ ಕೈಯಿಂದಲ್ಲ. ಬೆಳಕು ಮುಚ್ಚಿದರೆ ಆ ಸ್ಕೀ ನಿನ್ನ ಮಾತು ಕೇಳುತ್ತದೆ. ಮುಚ್ಚದಿದ್ದರೆ ಎಷ್ಟೇ ಚೆಂದವಿದ್ದರೂ ಅಲ್ಲೇ ಇಟ್ಟು ಬಾ. ಕೊನೆಗೆ ಕಬ್ಬಿಣದ ಅಂಚಿನ ಮೇಲೆ ಉಗುರು ಎಳೆ. ಉಗುರಿನ ಪುಡಿ ಬಿದ್ದರೆ ಅಂಚು ಜೀವಂತವಿದೆ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಮಂಚದ ಕೆಳಗಿರುವುದನ್ನು ಕಳಿಸುವಾಗಲೂ ಗೊತ್ತಿತ್ತು.

ಕಾಸ್ಸಿಯಾನ್


ಹಿಂಟರ್‌ಬಾಖ್
29 ಡಿಸೆಂಬರ್ 1973

ಕಾಸ್ಸಿಯಾನ್ ಭಾವ,

ಶ್ರೀಮತಿ ಗೀಮತಿ ಸಾಕು, ವಾಲ್ಬುರ್ಗಾ ಎಂದು ಪೂರ್ತಿ ಹೆಸರೂ ಬೇಡ. ನಿಮ್ಮ ಬಾಯಲ್ಲಿ ಅದು ಚೆನ್ನಾಗಿ ಕೇಳಿಸುವುದಿಲ್ಲ.

ನಿನ್ನೆ ಸಂತೆಗೆ ಹೋಗಿದ್ದೆವು. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, “ನೀನು ಏನನ್ನೂ ಮುಟ್ಟಬೇಡ” ಎಂದು ಹೇಳಿ ಒಳಗೆ ಹೋದಳು. ಗೋಡೆಗೆ ಒರಗಿಸಿದ್ದ ಒಂದೊಂದು ಜೊತೆಯನ್ನೂ ಎತ್ತಿ, ತಳಕ್ಕೆ ತಳ ಸೇರಿಸಿ, ನಾಲಿಗೆ ಕಚ್ಚಿಕೊಂಡು ಒತ್ತಿದಳು. ಹಾಲ್ ತುಂಬ ಜನ ತಮ್ಮ ಆಯ್ಕೆ ಬಿಟ್ಟು ಇವಳನ್ನೇ ನೋಡುತ್ತಿದ್ದರು. ನನಗೆ ಹೋಟೆಲಿನವರ ಮಗಳ ನೀಲಿ ಸ್ಕೀ ಇಷ್ಟವಾಗಿತ್ತು, ಹೊಸದರ ಹಾಗೆ ಮಿರಮಿರ ಎನ್ನುತ್ತಿತ್ತು. ದೂರದಿಂದಲೇ ಕಣ್ಣಲ್ಲಿ ತೋರಿಸಿದೆ. ಒತ್ತಿ ನೋಡಿದಳು, ಬೆಳಕು ಮುಚ್ಚಲಿಲ್ಲ, ಇಟ್ಟುಬಿಟ್ಟಳು.

ಕೊನೆಗೆ ತಂದದ್ದನ್ನು ನೋಡಿದರೆ ನಿಮಗೆ ಜ್ವರ ಬರುತ್ತದೆ. ಟೊಮ್ಯಾಟೊ ಬಣ್ಣ, ಅದೂ ಅಲ್ಲಲ್ಲಿ ಕಿತ್ತುಹೋಗಿದೆ. ಮೇಲೆ ಯಾರೋ ಮೊಳೆಯಲ್ಲಿ ಮೊಲದ ಚಿತ್ರ ಕೆತ್ತಿದ್ದಾರೆ. ಹುಬ್ಬಿನವರೆಗೆ ಬರುತ್ತದೆ. ಲಿಯೋನ್‌ಹಾರ್ಟ್ ಹೆಂಡತಿ “ಅಯ್ಯೋ, ಇದು ಶಿಶುವಿಹಾರದ್ದಲ್ವೇನೇ ಮಗಳೇ?” ಎಂದರು. ಅಫ್ರಾ ಸ್ಕೀಯ ಅಂಚಿಗೆ ಉಗುರು ಎಳೆದು, ಬಿದ್ದ ಪುಡಿಯನ್ನು ಅವರ ಮುಖದ ಕಡೆ ಉಫ್ ಎಂದು ಊದಿದಳು. ನಾನು ಬೈಯಬೇಕಿತ್ತು. ಬೈಯಲಿಲ್ಲ.

ಮೊದಲ ಪಂದ್ಯದಲ್ಲಿ ಗೋಟೆಯೇ ಬಂದು ಮಗುವಿನ ಕಾಲಿಗೆ ಸ್ಕೀಯ ಪಟ್ಟಿ ಬಿಗಿಯಬೇಕು. ಎಲ್ಲ ಮಕ್ಕಳಿಗೂ ಬಿಗಿಯುತ್ತಾರೆ. ಕೊಟ್ಟ ಸ್ಕೀ ಹಿಂದೆ ಕಳಿಸಿದ ನಾನು ಇದನ್ನು ಕೇಳಬಾರದು. ಕೇಳುತ್ತಿದ್ದೇನೆ. ಅವಳಿಗೋಸ್ಕರ ಬನ್ನಿ.

ಬುರ್ಗಿ


ಹಿಂಟರ್‌ಬಾಖ್
7 ಜನವರಿ 1974

ಕಾಸ್ಸಿಯಾನ್ ಭಾವ,

ನೀವು ಬರಲಿಲ್ಲ.

ಇಳಿಜಾರಿನ ಬುಡದಲ್ಲಿ, ಮೇಲೆ ಹತ್ತಿ ಹೋಗುವ ಮೊದಲು, ಎಲ್ಲ ಮಕ್ಕಳ ಮುಂದೆ ಒಬ್ಬೊಬ್ಬ ಗಂಡಸು ಮಂಡಿಯೂರಿದ್ದ. ಅಫ್ರಾಳ ಮುಂದೆ ಬರೀ ಹಿಮವಿತ್ತು. ನಾನು ಕಾದೆ. ಅವಳ ಹೆಸರು ಕೂಗುವ ಹೊತ್ತಾಯಿತು. ಏಪ್ರನ್ನು ಸೊಂಟಕ್ಕೆ ಸಿಕ್ಕಿಸಿ ನಾನೇ ಮಂಡಿಯೂರಿದೆ. ಪಟ್ಟಿ ಬಿಗಿದೆ. ಹಿಂದೆ ಯಾರೋ “ಹೆಂಗಸು ಬಿಗೀತಾಳಾ?” ಎಂದರು. “ಹೆಂಗಸು ಹೆತ್ತಿದ್ದಾಳೆ, ಬಿಗಿಯಕ್ಕೆ ಬರಲ್ವಾ?” ಎಂದೆ, ತಿರುಗಿ ನೋಡದೆ. ಲಿಯೋನ್‌ಹಾರ್ಟ್ ನೀವೆಲ್ಲಿ ಎಂದು ಕೇಳಿದರು. ಜ್ವರ ಎಂದೆ. ಇನ್ನೊಂದು ಸುಳ್ಳು, ಈ ಸಲ ನಿಮ್ಮ ಪರವಾಗಿ.

ಇಳಿದಳು. ಮೇಲಿನ ಬಾಗಿಲುಗಳನ್ನೆಲ್ಲ ಸಣ್ಣ ಮೀನಿನ ಹಾಗೆ ದಾಟಿದಳು, ನನಗೆ ಉಸಿರು ಬಂತು. ಒಂಟಿ ಮರದ ಕೆಳಗೆ ಬಿದ್ದಳು. ಹೌದು, ಅದೇ ಬಾಗಿಲು. ಹಿಮ ಗಟ್ಟಿಯಾಗಿ ಕನ್ನಡಿಯಾಗಿತ್ತು. ಬಾಗಿಲನ್ನು ಬಿಟ್ಟು ಜಾರಿ ಬಹಳ ಕೆಳಗೆ ಹೋಗಿ ನಿಂತಳು. ಕೆಳಗಿದ್ದವರೆಲ್ಲ ಕೂಗಿದರು, “ಸಾಕು ಮಗೂ, ಇಳಿದು ಬಾ, ಚೆನ್ನಾಗೇ ಮಾಡ್ದೆ!” ಅವಳು ಎದ್ದಳು, ಟೋಪಿ ಸರಿ ಮಾಡಿಕೊಂಡಳು, ಮೇಲಕ್ಕೆ ಮುಖ ಮಾಡಿದಳು. “ಬಾಗಿಲು ಇನ್ನೂ ಅಲ್ಲೇ ಇದೆ!” ಎಂದು ಕಿರುಚಿದಳು, ಇಡೀ ಕಣಿವೆಗೆ ಕೇಳಿಸಿತು. ಅಡ್ಡಡ್ಡ ಹೆಜ್ಜೆ ಹಾಕುತ್ತಾ ಹತ್ತತೊಡಗಿದಳು. ಆ ಮೊಲದ ಸ್ಕೀ ಗಿಡ್ಡಕ್ಕಿದ್ದದ್ದಕ್ಕೆ ಹತ್ತಿದಳು. ಮಂಚದ ಕೆಳಗಿರುವುದನ್ನು ಕಟ್ಟಿಕೊಂಡು ಹತ್ತಲು ಆನೆಗೂ ಆಗುತ್ತಿರಲಿಲ್ಲ. ಅವಳ ನಂತರದ ಹುಡುಗ ಪಕ್ಕದಿಂದಲೇ ಹಾದು ಇಳಿದುಹೋದ. ಅವಳು ನೋಡಲಿಲ್ಲ. ಮೇಲೆ ಹೋಗಿ, ಆ ಎರಡು ಕೋಲುಗಳ ನಡುವೆ ಹಾದು, ಉಳಿದ ಬಾಗಿಲುಗಳನ್ನೂ ಒಂದೂ ಬಿಡದೆ ದಾಟಿ ಬಂದಳು.

ಕೊನೆಯವಳು. ಎಲ್ಲರಿಗಿಂತ ಕೊನೆಯವಳು. ನಾನು ಅಷ್ಟು ಜೋರಾಗಿ ಯಾವತ್ತೂ ಅತ್ತಿಲ್ಲ, ಅಷ್ಟು ಜೋರಾಗಿ ನಕ್ಕೂ ಇಲ್ಲ.

ಒಂದು ಮಾತ್ರ ಕೆಟ್ಟಿತು. ಗೆರೆ ದಾಟಿದ ಮೇಲೆ ಅವಳಿಗೆ ನಿಲ್ಲಿಸಲು ಆಗಲಿಲ್ಲ. ಜನರನ್ನೆಲ್ಲ ಬಿಟ್ಟು ನೆಟ್ಟಗೆ ಹೊಳೆಯ ದಡದವರೆಗೆ ಹೋದಳು. ನಾನು ಕೂಗಿಕೊಂಡು ಓಡಿದೆ. ದಡದಲ್ಲಿ ಹೇಗೋ ನಿಂತು ನನಗೆ ಬೆನ್ನು ಹಾಕಿ ಸುಮಾರು ಹೊತ್ತು ಇದ್ದಳು, ಒಂದು ಕೈ ಮೇಲೆತ್ತಿಕೊಂಡು. ಸಹಾಯಕ್ಕೆ ಕರೆಯುತ್ತಿದ್ದಾಳೆ ಎಂದುಕೊಂಡೆ. ಕೇಳಿದರೆ ಬಾಯಿ ಬಿಡುವುದಿಲ್ಲ. ಲಿಯೋನ್‌ಹಾರ್ಟ್ ಹತ್ತಿರ ಬಂದರು. ನಾನು ಜಗಳಕ್ಕೆ ಸಿದ್ಧಳಾದೆ. ಅವರು ಅವಳನ್ನು ಮೇಲಿಂದ ಕೆಳಗೆ ನೋಡಿ, “ಬುಧವಾರ ಮೂರು ಗಂಟೆಗೆ. ಮೊದಲು ನಿಲ್ಲಿಸೋದು ಕಲಿಸ್ತೀನಿ” ಎಂದರು.

ನೀವು ಬರಬಹುದಿತ್ತು.

ಬುರ್ಗಿ


ಲಿಂಝ್
11 ಜನವರಿ 1974

ಬುರ್ಗಿ,

ಜ್ವರವಿರಲಿಲ್ಲ. ನಿಲ್ಲಿಸುವುದೂ ಅವಳಿಗೆ ಗೊತ್ತು.

ನಾನು ಬಂದಿದ್ದೆ. ಹಿಂಟರ್‌ಬಾಖ್‌ಗಲ್ಲ. ಆಣೆ ಆಣೆಯೇ. ಲೆಂಗಾವ್‌ಗೆ ಬಂದಿದ್ದೆ, ಹೊಳೆಯ ಆಚೆ ದಡಕ್ಕೆ. ಚರ್ಚಿನ ಗೋರಿಗಳ ಗೋಡೆಗೆ ಒರಗಿ, ಬಾಲ್ತಸರ್‌ನ ಪಕ್ಕದಲ್ಲೇ ದುರ್ಬೀನು ಹಿಡಿದು ನಿಂತಿದ್ದೆ. ನೀನು ಮಂಡಿಯೂರಿದ್ದನ್ನು ನೋಡಿದೆ. ಆಗಲೇ ಸೇತುವೆ ದಾಟಬೇಕಿತ್ತು. ಕಾಲು ಎತ್ತಿದೆ, ಮತ್ತೆ ಇಟ್ಟೆ. ಇಷ್ಟು ಹಟಮಾರಿ ಕಾಲು ದೇವರು ಯಾರಿಗೂ ಕೊಡದಿರಲಿ.

ಅವಳು ಬಿದ್ದಾಗ ನಾನೂ ಕೂಗಿದೆ, ಇಳಿದು ಬಾ ಎಂದೇ. ಹತ್ತತೊಡಗಿದಾಗ ಬಾಯಿ ಮುಚ್ಚಿಕೊಂಡೆ. ಬಾಲ್ತಸರ್ ಬಿಟ್ಟ ಬಾಗಿಲಿಗೆ ಅವನ ಮಗಳು ವಾಪಸ್ಸು ಹೋಗುತ್ತಿದ್ದಳು. ನಾನು ಎಂಟು ವರ್ಷ ಯಾವ ಬಾಗಿಲಿಗಾಗಿ ಊರು ಬಿಟ್ಟಿದ್ದೆನೋ ಅದನ್ನು ಆ ಪುಟಾಣಿ ಹತ್ತು ಉಸಿರಿನಲ್ಲಿ ಮುಗಿಸಿಬಿಟ್ಟಳು. ನಾನು ಅತ್ತುಬಿಟ್ಟೆ. ಲೆಂಗಾವ್‌ನ ನೆಲದಲ್ಲಿ ಅತ್ತದ್ದು, ಹಿಂಟರ್‌ಬಾಖ್‌ನವರಿಗೆ ಸಂಬಂಧವಿಲ್ಲ.

ನನ್ನ ಹಳೆಯ ಪಂದ್ಯದ ಕೆಂಪು ಟೋಪಿ ಹಾಕಿಕೊಂಡಿದ್ದೆ, ನಿಮ್ಮ ಗೋಡೆಯ ಮೇಲಿನ ಫೋಟೋದಲ್ಲಿರುವುದು. ಅದನ್ನು ಗುರುತು ಹಿಡಿದಿರಬೇಕು. ನೆಟ್ಟಗೆ ದಡಕ್ಕೆ ಬಂದು ನಿಂತಳು. ಕೋಲುಗಳನ್ನು ಹಿಮಕ್ಕೆ ಚುಚ್ಚಿದಳು, ಬಲಗೈ ಮೇಲೆತ್ತಿದಳು. ಬೀಸಲಿಲ್ಲ ಬುರ್ಗಿ. ಯಾರನ್ನೂ ಕರೆಯಲಿಲ್ಲ. ಬಾಗಿಲ ಕಂಬಕ್ಕೆ ಒರಗಿ ಅಳತೆಗೆ ನಿಲ್ಲುತ್ತೇವಲ್ಲ, ಹಾಗೆ ನೆಟ್ಟಗೆ ನಿಂತಳು. ನಾನು ನೋಡಿ ಮುಗಿಸುವ ತನಕ ಕೈ ಇಳಿಸಲಿಲ್ಲ. ಇಷ್ಟು ಪುಟ್ಟವಳು ಎಂದು ನನಗೆ ನಿಜವಾಗಿ ಗೊತ್ತಿರಲಿಲ್ಲ.

ನಿನ್ನ ದಾರ ಇದರೊಳಗೆ ಇಟ್ಟಿದ್ದೇನೆ. ಬಿಸಾಡಬೇಡ, ಬಾಗಿಲ ಕಂಬಕ್ಕೆ ಕಟ್ಟು. ಅವಳು ನೆಲದ ಮೇಲೆ ನಿಂತು, ಮುಕ್ಕಾಲಿಯಿಲ್ಲದೆ ಆ ಗಂಟನ್ನು ಮುಟ್ಟಿದ ದಿನ ನನಗೆ ಬರೆ. ಮಂಚದ ಕೆಳಗಿನ ಸ್ಕೀ ಅವತ್ತು ಅವಳದು. ಅಲ್ಲಿಯವರೆಗೆ ನಾನು ಎಡವುತ್ತಿರುತ್ತೇನೆ.

ಊರಿಗೆ ಬರುವ ವಿಷಯ ಮಾತ್ರ ಈಗಲೇ ಕೇಳಬೇಡ.

ಕಾಸ್ಸಿಯಾನ್


ಹಿಂಟರ್‌ಬಾಖ್
20 ಜನವರಿ 1974

ದೊಡ್ಡಪ್ಪ,

ಅಮ್ಮ ನಿಮ್ಮ ಕಾಗದ ಓದಿ ಮೂಗು ಸೀಟಿಕೊಂಡು ದಾರವನ್ನು ಬಾಗಿಲ ಕಂಬಕ್ಕೆ ಕಟ್ಟಿದಳು. ನಾನು ಬಿಚ್ಚಿದೆ.

ಉದ್ದದ ಸ್ಕೀ ನನಗೆ ಬೇಡ. ದೊಡ್ಡವಳಾದ ಮೇಲೂ ಒತ್ತಿ ನೋಡಿ ನಾನೇ ಆರಿಸುತ್ತೇನೆ. ಅದನ್ನು ನೀವೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೇಲಿಗೆ ಹಾಕಿ. ಬುಧವಾರ ಲಿಯೋನ್‌ಹಾರ್ಟ್ ಮಾಮ ನಿಲ್ಲಿಸುವುದು ಕಲಿಸಲು ಬಂದರು. ನಿಲ್ಲಿಸಿ ತೋರಿಸಿದೆ. ಅವರ ಬೂಟಿನ ಮೇಲೆ ಹಿಮ ಹಾರಿತು. “ನಿಮ್ಮ ದೊಡ್ಡಪ್ಪನ ಜ್ವರ ಇಳೀತಾ?” ಎಂದು ಕೇಳಿದರು. ಇನ್ನೂ ಸ್ವಲ್ಪ ಇದೆ ಎಂದೆ.

ನಾನು ಮುಕ್ಕಾಲಿಯನ್ನು ದಾರದ ಪಕ್ಕ ಇಟ್ಟು ಅಳೆದು, ಮುಕ್ಕಾಲಿ ಎಷ್ಟು ಎತ್ತರವೋ ಅಷ್ಟು ದಾರ ಕತ್ತರಿಸಿದೆ. ಆ ತುಂಡು ಈ ಲಕೋಟೆಯಲ್ಲಿದೆ. ಅದು ನಾನಲ್ಲ.

ಉಳಿದದ್ದು ನಾನು. ಅದನ್ನು ಕಳಿಸುವುದಿಲ್ಲ. ನೋಡಬೇಕಿದ್ದರೆ ಸೇತುವೆ ದಾಟಿ ಬನ್ನಿ.

ಅಫ್ರಾ